ಬಾಳೆ ಒಪ್ಪದ ಶಾಂಪೂ

ಎಂಬತ್ತರ ದಶಕದಲ್ಲಿ ಹೆಬ್ಬಾಳದ ಸುತ್ತ ಮನೆಮನೆಗೆ ಹೋಗಿ ಶಾಂಪೂ ಮಾರುತ್ತಿದ್ದೆ. ಒಂದು ಬೆಳಿಗ್ಗೆ ಹಳೇ ಊರಿನ ಹೆಂಚಿನ ಮನೆಯ ಗೌರಮ್ಮ ನನ್ನ ಬಾಟಲಿಯನ್ನು ಮೂಸಿಯೂ ನೋಡದೆ, "ಇದ್ರ ನೀರು ನಮ್ ಬಾಳೆಗೆ ಆಯ್ತದಾ?" ಎಂದರು. ಅವರ ಬಚ್ಚಲ ನೀರು ನೇರವಾಗಿ ಹಿತ್ತಲ ಬಾಳೆ ಬುಡಕ್ಕೆ ಹೋಗುತ್ತಿತ್ತು.

ಆಗುತ್ತೆ ಅಂದುಬಿಟ್ಟೆ. ಅವತ್ತು ಇನ್ನೂ ಬೋಣಿಯಾಗಿರಲಿಲ್ಲ.

"ಅಂಗಾದ್ರೆ ನೀನೇ ಆಕ್ಕೊಂಡು ತೋರ್ಸವ್ವ. ಅಂಡೇಲಿ ಬಿಸ್ನೀರೈತೆ."

ನಮ್ಮ ಸೇಲ್ಸ್ ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಜಡೆ ಬಿಚ್ಚಿ ಬಚ್ಚಲಲ್ಲಿ ಬಗ್ಗಿ ಕೂತೆ. ನಾನು ತಲೆ ತೊಳೆಯುತ್ತಿದ್ದರೆ ಗೌರಮ್ಮ ಬಾಳೆಯ ಪಕ್ಕ ನಿಂತು ಕಾಮೆಂಟರಿ ಕೊಡುತ್ತಿದ್ದರು: "ನೊರೆ ಬಂತು... ಇನ್ನೂ ಬತ್ತಾ ಐತೆ... ಅಯ್ಯೋ, ಬುಡಾನೇ ಕಾಣ್ತಿಲ್ಲ! ಸಾಕು ನಿಲ್ಸವ್ವ!"

ಒಳಗೆ ಬಂದವರೇ ಸೀಗೆಪುಡಿ ಕಲಸಿ, ನನ್ನನ್ನು ಕೇಳದೆ ತಲೆಗೆ ತಿಕ್ಕಿದರು. "ಪಾಪ, ನಿಂದೂ ಕೂದ್ಲೇ ಅಲ್ವಾ!" ಶಾಂಪೂ ಕೊಳ್ಳಲಿಲ್ಲ. ಕಾಫಿ ಕೊಟ್ಟು, ತಲೆ ಒಣಗುವ ತನಕ ಏಳಲೂ ಬಿಡಲಿಲ್ಲ.

ಮಧ್ಯಾಹ್ನ ಆರ್.ಟಿ. ನಗರದ ಹೊಸ ಮನೆಯೊಂದರ ಹೆಂಗಸು ನನ್ನ ಕೂದಲನ್ನೇ ನೋಡುತ್ತಾ, "ಎಷ್ಟು ಚೆನ್ನಾಗಿದೆ ರೀ! ಇದೇ ಶಾಂಪೂನಾ?" ಎಂದರು. ಗೌರಮ್ಮ ಕೈಯಾರೆ ತಿಕ್ಕಿದ ತಲೆ ಹೊತ್ತುಕೊಂಡು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ರೀ, ಸೀಗೆಕಾಯಿ."

"ಮತ್ತೆ ಈ ಶಾಂಪೂ ಯಾರಿಗೆ?"

"ಹಿತ್ತಲಲ್ಲಿ ಬಾಳೆ ಇಲ್ಲದವರಿಗೆ."

ಅವರು ಸಿಮೆಂಟು ಬಳಿದ ತಮ್ಮ ಅಂಗಳವನ್ನು ಒಮ್ಮೆ ನೋಡಿ, "ನಮ್ಮಲ್ಲಿಲ್ಲ, ಎರಡು ಕೊಡಿ" ಎಂದರು.