ಬಿಚ್ಚದ ಆರು ತೋರಣ

ಬೆಂಗಳೂರಿನ ಹೂಡಿಯ ಹಳೇ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಆಚೆ ದೊಡ್ಡ ರಸ್ತೆಯಲ್ಲಿ ಕಂಪನಿ ಕ್ಯಾಬುಗಳ ಹಾರ್ನ್ ಆಗಲೇ ಶುರುವಾಗಿದೆ. ದೇವಕ್ಕ ಅಂಗಳ ಗುಡಿಸಿ, ನೀರು ಹಾಕಿ, ಪುಟ್ಟದೊಂದು ರಂಗೋಲಿ ಬಿಡುತ್ತಾರೆ. ಒಳಗೆ ಹೋಗಿ ಒಂದೊಂದೇ ಕಿಟಕಿ ತೆರೆಯುತ್ತಾರೆ. ಒಳಗೆ ಯಾರೂ ಇಲ್ಲ. ಮುಂಬಾಗಿಲಿಗೆ ಮಾತ್ರ ಒಂದರ ಮೇಲೊಂದು ಆರು ಮಾವಿನ ತೋರಣಗಳಿವೆ, ಎಲ್ಲವೂ ಒಣಗಿದವು.

ಮಾರಾಟಕ್ಕಿಟ್ಟ ಖಾಲಿ ಮನೆಗಳನ್ನು ಕಾಯುವುದು ಇವರ ಕೆಲಸ. ಹಿತ್ತಲ ಕೋಣೆಯಲ್ಲಿ ವಾಸ, ಕೈಗೆ ಒಂದಿಷ್ಟು ಸಂಬಳ. ಯಾವ ಮನೆ ಎಷ್ಟು ಕಾಲದಿಂದ ಮಾರಾಟಕ್ಕಿದೆ ಎಂದು ಮೊಬೈಲ್ ನೋಡಿ ತಿಳಿಯುವುದು ಕಷ್ಟ. ಹಳೇ ಜಾಹೀರಾತು ಅಳಿಸಿ ಮತ್ತೆ ಹಾಕಿದರೆ ಅದೇ ಮನೆ 'ಹೊಸದಾಗಿ ಬಂದಿದೆ'. ದೇವಕ್ಕನ ಬಾಗಿಲಲ್ಲಿ ಆ ಆಟ ನಡೆಯುವುದಿಲ್ಲ. ಪ್ರತಿ ಹಬ್ಬಕ್ಕೂ ಹೊಸ ತೋರಣ ಕಟ್ಟುತ್ತಾರೆ, ಹಳೆಯದನ್ನು ಮುಟ್ಟುವುದಿಲ್ಲ. ಅವರ ಕಥೆ ಬರೆದುಕೊಳ್ಳಲು ಬಂದ ನಾನು ಯಾಕೆಂದು ಕೇಳುತ್ತೇನೆ.

"ಕಟ್ಟೂದು ಯಾರರ ಕಟ್ಟಬಹುದ್ರಿ. ಬಿಚ್ಚೂದು ಮನಿಯವರ ಬಿಚ್ಚಬೇಕು. ನಮ್ಮವ್ವ ಹಂಗ ಹೇಳ್ತಿದ್ಲು."

ಲಿಂಗಸುಗೂರಿನ ಕಡೆಯಿಂದ ಗಂಡ ಬಸಲಿಂಗನ ಜೊತೆ ಗಾರೆ ಕೆಲಸಕ್ಕೆ ಬಂದಾಗ ಇಲ್ಲಿ ದ್ರಾಕ್ಷಿ ತೋಟಗಳಿದ್ದವು. ಬೀದಿಯ ಕೊನೆಗೊಂದು ಮಾವಿನ ಮರವಿತ್ತು. ಹಬ್ಬದ ಹಿಂದಿನ ಸಂಜೆ ಹೆಂಗಸರೆಲ್ಲ ಅದರಡಿ ಸೇರುತ್ತಿದ್ದರು. "'ಏ ದೇವಕ್ಕ, ಎತ್ರ ಇದ್ದೀಯ, ನಮ್ಗೂ ನಾಕ್ ಎಲೆ ಕಿತ್ಕೊಡೇ' ಅಂತಿದ್ರು. ಹೊರಗಿನಾಕಿ ಅಂತ ಒಬ್ರೂ ಅನ್ನಲಿಲ್ರಿ" ಎಂದು ಮರವಿದ್ದ ಕಡೆ ನೋಡುತ್ತಾರೆ. ಅಲ್ಲೀಗ ಪಾರ್ಕಿಂಗ್. ಎಲೆಯನ್ನು ಸರ್ಕಲ್ಲಿನಲ್ಲಿ ಕೊಳ್ಳಬೇಕು. ಬಸಲಿಂಗ ತೀರಿಕೊಂಡು ವರ್ಷಗಳಾದವು. ಈ ಮನೆಗೆ ಇಟ್ಟಿಗೆ ಹೊತ್ತವರು ಅವರಿಬ್ಬರೇ.

ಮಾಲೀಕ ಪಂಚಾಕ್ಷರಿ ದಾವಣಗೆರೆಗೆ ಹೋಗಿ ಮನೆ ಮಾರಾಟಕ್ಕಿಟ್ಟದ್ದು ಹೋದ ವರ್ಷದ ಗೌರಿ ಹಬ್ಬಕ್ಕೆ. ಹೇಳಿದ ಬೆಲೆಗೆ ಯಾರೂ ಬರಲಿಲ್ಲ. ಈ ಸಲದ ಗೌರಿಯೂ ಕಳೆದ ಮೇಲೆ ಬ್ರೋಕರ್ ಗುರುರಾಜ್ ಮನೆ ತೋರಿಸಲು ಶಾಲಾ ಶಿಕ್ಷಕಿ ಸ್ಫೂರ್ತಿಯನ್ನು ಕರೆತರುವವರಿದ್ದರು. ಹಿಂದಿನ ದಿನವೇ ಬಂದು, ಒಣಗಿದ್ದೆಲ್ಲ ಕಿತ್ತು ಹಾಕು ಎಂದರು. ದೇವಕ್ಕ ಒಪ್ಪಲಿಲ್ಲ.

ಮರುದಿನ ಸ್ಫೂರ್ತಿ ಬಾಗಿಲಲ್ಲೇ ನಿಂತರು. "ಹೋದ ವಾರ ಮಾರಾಟಕ್ಕೆ ಬಂತು ಅಂದ್ರಲ್ಲ ಇವರು, ಇಷ್ಟೊಂದು ತೋರಣ ಯಾಕಕ್ಕಾ?"

ಮನೆ ವರ್ಷದಿಂದ ಮಾರಾಟಕ್ಕಿದೆ, ಹಬ್ಬಕ್ಕೊಂದು ತೋರಣ ಎಂದು ದೇವಕ್ಕ ಇದ್ದದ್ದು ಇದ್ದಂತೆ ಹೇಳಿದರು. ಗೋಡೆ ಗಟ್ಟಿ, ಬೆಲೆಯೇ ಜಾಸ್ತಿಯಾಗಿತ್ತು ಎಂದೂ ಸೇರಿಸಿದರು. ಗುರುರಾಜ್ ಕೆಂಡವಾದರು: "ಮನೆ ಮಾರಾಟ ಆದ್ರೆ ನಿನ್ ರೂಮ್ ಹೋಗುತ್ತೆ ಅಂತ ತಾನೇ ಹಿಂಗ್ ಹೇಳಿದ್ದು?"

ಪಂಚಾಕ್ಷರಿ ಬೆಲೆ ಇಳಿಸಿದರು, ಮನೆ ಸ್ಫೂರ್ತಿಗೇ ಮಾರಾಟವಾಯಿತು. ಗುರುರಾಜ್ ಇನ್ನು ಬೇರೆ ಮನೆಯ ಬೀಗದ ಕೈ ಕೊಡುವುದಿಲ್ಲವಂತೆ. ಕೋಣೆಯೂ ಹೋಯಿತು, ಕೆಲಸವೂ ಹೋಯಿತು. ದೇವಕ್ಕ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಾರೆ.

"ಸುಳ್ಳ್ ಹೇಳಿದ್ರ ಕೆಲ್ಸ ಉಳೀತಿತ್ತ್ರಿ. ಆದ್ರ ಆಕಿ ಈ ಬಾಗ್ಲ ದಾಟಿ ದಿನಾ ಒಳಗ ಹೋಗಾಕಿ."

ಸ್ವಲ್ಪ ಹೊತ್ತಿಗೆ ಸ್ಫೂರ್ತಿ ಬರುತ್ತಾರೆ. ದೇವಕ್ಕ ಸ್ಟೂಲು ತಂದಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಆರೂ ತೋರಣಗಳನ್ನು ಹೊಸ ಮನೆಯಾಕೆಯೇ ಬಿಚ್ಚುತ್ತಾರೆ. ಉದುರಿದ ಎಲೆ ಗುಡಿಸುತ್ತಾ ದೇವಕ್ಕ ನನ್ನತ್ತ ತಿರುಗುತ್ತಾರೆ.

"ಒಂದ್ ಆಸೆ ಐತ್ರಿ. ಎಲ್ಲಿಯಾದ್ರೂ ಒಂದ್ ಬಾಗ್ಲಿಗೆ ತೋರಣ ಕಟ್ಟಿ, ಒಣಗಿದ ಮ್ಯಾಲ ಅದನ್ನ ನಾನ ಬಿಚ್ಚಬೇಕು."