ನೀರು ತುಂಬಿ ಕೊಡು

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದ ಆ ಹೆಂಗಸನ್ನು ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳ ಹಠವೋ, ದೇವರಿಗೇ ಪ್ರೀತಿ. ಕೆಲಸ ಬಿಟ್ಟ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಶಕ್ತಿ ಮರಳಲಿಲ್ಲ. ಮನೆಯ ಹಳೇ ಭಾರದ ಪಾತ್ರೆ ಇಳಿಸಲು ಹೋಗಿ ಬಿಸಿನೀರನ್ನು ಕಾಲ ಮೇಲೆ ಚೆಲ್ಲಿಕೊಂಡದ್ದೇ ತಡ, ಒಲೆ ಹಚ್ಚಕೂಡದೆಂದು ಮಗಳು ಕಟ್ಟಪ್ಪಣೆ ಮಾಡಿದಳು. ಎರಡು ಹೊತ್ತೂ ಮಗಳ ಮನೆಯಿಂದಲೇ ಊಟ ಬರತೊಡಗಿತು.

ಊಟಕ್ಕೆ ಹೆಸರಿಡುವಂತಿರಲಿಲ್ಲ. ಆದರೆ ಊರಿಗೆಲ್ಲ ಬಡಿಸಿದವಳು ಇನ್ನೊಬ್ಬರ ದಾರಿ ಕಾಯುತ್ತ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತದೆಯೇ?

"ಹಗುರದ ಸ್ಟೀಲ್ ಸೆಟ್ ತಗೋತೀನಿ," ಎಂದಳು ಒಂದು ದಿನ. "ಎತ್ತೋಕೆ ಆದ್ರೆ ನನ್ನ ಅಡುಗೆ ನಂದು. ಆಗ್ಲಿಲ್ವಾ, ಇನ್ಮೇಲೆ ಒಲೆ ಮಾತೇ ಎತ್ತಲ್ಲ."

ಮಗಳು ಒಪ್ಪಿದಳು. ಆಗುವ ಮಾತಲ್ಲ ಎಂಬ ಧೈರ್ಯದ ಮೇಲೇ ಒಪ್ಪಿದಳು.

ಇಬ್ಬರೂ ಹೋದಾಗ ಪಾತ್ರೆ ಅಂಗಡಿಯವನು ದುಬಾರಿ ಸೆಟ್ಟನ್ನೇ ಮುಂದೆ ತಳ್ಳಿದ. "ಹೊಳಪು ನೋಡಿ ಅಮ್ಮ, ಮುಖ ಕಾಣುತ್ತೆ."

"ನನ್ನ ಮುಖ ನಾನು ನೋಡಿದೀನಪ್ಪ. ನೀರು ತುಂಬಿ ಕೊಡು."

"ಅಂಗಡೀಲಿ ನೀರು ತುಂಬ್ಸೋದಾ? ಯಾರೂ ಹಾಗೆ ಕೇಳಲ್ಲ."

"ಖಾಲಿ ಪಾತ್ರೆಯಿಂದ ಯಾರ ಹೊಟ್ಟೆ ತುಂಬುತ್ತೆ? ಖಾಲಿದನ್ನ ಮಗುನೂ ಎತ್ತುತ್ತೆ."

ಅವನು ಗೊಣಗುತ್ತ ಬಕೆಟ್ಟಿನಲ್ಲಿ ನೀರು ತಂದ. ದೊಡ್ಡಕ್ಕ ಸೆಟ್ಟಿನಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಎಳೆದುಕೊಂಡು ಕಂಠಮಟ್ಟ ತುಂಬಿಸಿ ಎತ್ತಿದಳು. ಮಣಿಕಟ್ಟು ನಡುಗಿತು. ಅರ್ಧ ನೀರು ಕೌಂಟರಿನ ಮೇಲೆ, ಇನ್ನರ್ಧ ಅಂಗಡಿಯವನ ಚಪ್ಪಲಿ ಮೇಲೆ.

ಮಗಳು ಪಾತ್ರೆ ಕಿತ್ತುಕೊಂಡು ಕೆಳಗಿಟ್ಟಳು. "ಸಾಕಮ್ಮ. ನಡಿ, ಮನೆಗೆ ಹೋಗೋಣ."

ದೊಡ್ಡಕ್ಕನಿಗೆ ಅವಮಾನವಾಯಿತು, ಅಳುವೂ ಬಂತು. ಅಳು ನುಂಗಿಕೊಂಡು ಆ ಪಾತ್ರೆಯನ್ನೇ ದಿಟ್ಟಿಸಿದಳು. ಆಮೇಲೆ ತನಗೆ ತಾನೇ ಬೈದುಕೊಂಡಳು. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇದ್ರಲ್ಲಿ ಒಂದು ವಾರ್ಡಿಗೆ ಬೇಯಿಸ್ಬಹುದು. ಮನೇಲಿ ಇರೋದು ನಾನೊಬ್ಬಳು ತಾನೇ?" ಇಷ್ಟು ವರ್ಷ ನೂರಾರು ಜನರ ಅಳತೆಗೇ ಒಗ್ಗಿದ್ದ ಕೈಗೆ ಒಂಟಿ ಹೊಟ್ಟೆಯ ಅಳತೆ ಗೊತ್ತೇ ಇರಲಿಲ್ಲ.

"ಇಬ್ಬರಿಗೆ ಆಗೋಂಥದ್ದು ತೆಗಿಯಪ್ಪ. ಯಾರಾದ್ರೂ ಬಂದ್ರೆ ಬೇಕಾಗುತ್ತೆ."

"ಕಮ್ಮಿ ರೇಟಿಂದು ಒಂದಿದೆ ಅಮ್ಮ. ಹೊಳಪಿಲ್ಲ," ಎನ್ನುತ್ತ ಅವನು ಕೆಳಗಿನ ಸಾಲಿನಿಂದ ತೆಗೆದ. ಮೂರೇ ಪಾತ್ರೆ. ಮಂದ ತಳ, ಎರಡೂ ಕಡೆ ಹಿಡಿ.

ಮತ್ತೆ ನೀರು ತುಂಬಿತು. ಎಲ್ಲಿ ಬೀಳಿಸಿಬಿಡುತ್ತಾಳೋ ಎಂದು ಮಗಳು ಪಾತ್ರೆಯ ಕೆಳಗೆ ಕೈ ಒಡ್ಡಿದಳು.

"ಕೈ ತೆಗಿ."

"ಅಮ್ಮ..."

"ತೆಗಿ ಅಂದೆ."

ಮಗಳು ಕೈ ಹಿಂದೆ ಕಟ್ಟಿಕೊಂಡಳು. ದೊಡ್ಡಕ್ಕ ಭಾರವನ್ನೆಲ್ಲ ಎಡಗೈಗೆ ಕೊಟ್ಟು, ಬಲಗೈಯನ್ನು ಬರೀ ಆಸರೆಗಿಟ್ಟು ಎತ್ತಿದಳು. ನಾಲ್ಕು ಹೆಜ್ಜೆ ನಡೆದು, ಬಕೆಟ್ಟಿಗೆ ನಿಧಾನವಾಗಿ ಬಗ್ಗಿಸಿದಳು. ಒಂದು ಹನಿಯೂ ಆಚೆ ಬೀಳಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದು ಬೇಡ ಅಮ್ಮ ಎಂದು ಅಂಗಡಿಯವನೇ ಅಂದರೂ ಬಿಡದೆ ಅದನ್ನೂ ಎತ್ತಿ ಸುರಿದಳು.

"ಕಟ್ಟಿಕೊಡು," ಎಂದಳು, ಏದುಸಿರು ಬಿಡುತ್ತ.

ಅಮ್ಮ ಬಿದ್ದ ದಿನದಿಂದ ಮಾತ್ರೆ ತಗೊಂಡ್ಯಾ, ನೋವು ಹೇಗಿದೆ ಎಂದಷ್ಟೇ ಕೇಳುತ್ತಿದ್ದ ಮಗಳು ಈಗ ಬೇರೆಯದನ್ನೇ ಕೇಳಿದಳು.

"ರಾತ್ರಿಗೆ ಏನ್ ಮಾಡ್ತೀಯಮ್ಮ? ನನಗೂ ಹಾಕ್ತೀಯಾ?"