ಕೂರಿಸುವ ಕೈ

ಅಜ್ಜಂಪುರದ ಸಮುದಾಯ ಭವನದಲ್ಲಿ ಮೊದಲ ಸಲ ಯೋಗ ಪಾಠ ಮಾಡಲು ನಿಂತ ದಿನ ನಾನು ಹನ್ನೊಂದು ಹೆಂಗಸರಿಗೆ ಉಸಿರು ಬಿಡಲು ಹೇಳಿದೆ, ತೆಗೆದುಕೊಳ್ಳಲು ಹೇಳಲೇ ಇಲ್ಲ. "ಬಿಡಿ, ಸಡಿಲ ಬಿಡಿ, ಇನ್ನೂ ಬಿಡಿ" ಎನ್ನುತ್ತಲೇ ಹೋದೆ. ಪಾಪ, ಹೇಳಿದಂತೆ ಕೇಳುವ ಹೆಂಗಸರು. ಒಬ್ಬಳ ಮುಖ ಕೆಂಪಾಯಿತು, ಇನ್ನೊಬ್ಬಳಿಗೆ ಕೆಮ್ಮು ಹತ್ತಿತು. ಮೂರನೆಯವಳು ತಡೆಯಲಾರದೆ ಎದ್ದು ಕೂತು, "ಅಕ್ಕಾ, ಒಳಗಿದ್ದಿದ್ದೆಲ್ಲ ಬಿಟ್ಟಾಯ್ತು. ಇನ್ನೇನು ಬಿಡ್ಲಿ, ಪ್ರಾಣಾನಾ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ನನ್ನ ಅಂಗೈ ಎರಡೂ ತಣ್ಣಗಾಗಿದ್ದವು. ಆ ಮಾತುಗಳನ್ನು ನಾನು ಎಲ್ಲಿ ಕಲಿತಿದ್ದೆ ಎಂಬುದು ನನಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ಹಿಂದೆ ನಿಂತು ನೋಡುತ್ತಿದ್ದ ಮೇಡಂ ನಗಲಿಲ್ಲ. ದಿನಾ ತರೀಕೆರೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ನಮಗೆ ಯೋಗ ಕಲಿಸುತ್ತಿದ್ದವರು ಅವರು. ನಾನು ರವಿಕೆ ಹೊಲಿಯುವವಳು. ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು, ನಾಲ್ಕು ವರ್ಷದ ಹಿಂದೆ ಅವರ ಕ್ಲಾಸಿಗೆ ಸೇರಿದ್ದೆ. ಸೊಂಟನೋವು ಹೋಯಿತು, ಯೋಗದ ಹುಚ್ಚು ಹಿಡಿಯಿತು. ಅವರ ಬಲವಂತಕ್ಕೇ ಭಾನುವಾರ ಭಾನುವಾರ ರೈಲು ಹತ್ತಿ ಕಡೂರಿಗೆ ಹೋಗಿ, ಅಲ್ಲಿ ಯೋಗ ಶಿಕ್ಷಕರ ತರಬೇತಿ ಮುಗಿಸಿ ಸರ್ಟಿಫಿಕೇಟೂ ತಂದಿದ್ದೆ. ಈಗ ಮೇಡಮ್ಮಿಗೆ ಬಸ್ಸಿನ ಕುಲುಕಾಟ ಸಾಕಾಗಿತ್ತು. "ಯುಗಾದಿ ಆದ್ಮೇಲೆ ನಾನು ಬರಲ್ಲ ಕಣ್ರೀ. ನೀವು ಕ್ಲಾಸ್ ತಗೊಂಡ್ರೆ ನಡೀತದೆ, ಇಲ್ಲಾಂದ್ರೆ ಬೀಗ ಹಾಕೋದೇ" ಎಂದಿದ್ದರು. ನಾನು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ಅವತ್ತು ಎಲ್ಲರೂ ಚಾಪೆ ಸುತ್ತಿಕೊಂಡು ಹೋದ ಮೇಲೆ ಮೇಡಂ ಕೇಳಿದರು. "ಉಸಿರು ತಗೊಳ್ಳಿ ಅನ್ನೋದನ್ನೇ ಮರೆಯೋ ಟೀಚರನ್ನ ಇದೇ ಮೊದಲು ನೋಡಿದ್ದು ನಾನು. ಏನ್ರೀ ಆಯ್ತು ನಿಮಗೆ?"

ಗಾಬರಿ ಮೇಡಂ, ಎಂದೆ. ಅದು ಸುಳ್ಳು.

ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿ ಕಳಿಸುತ್ತೇವೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ವಿಭೂತಿ ಬಳಿದು, ಕಾಲು ಮಡಿಸಿ ಪದ್ಮಾಸನಕ್ಕೆ ತಂದು, ಗೋಡೆಗೆ ಒರಗಿಸಿ ಬಟ್ಟೆಯಲ್ಲಿ ಕಟ್ಟುತ್ತೇವೆ. ಮಣ್ಣಿನೊಳಗೂ ಅವರು ಹಾಗೇ ಕೂತಿರುತ್ತಾರೆ. ಮೈ ಸೆಟೆದುಕೊಳ್ಳುವ ಮೊದಲೇ ಇದನ್ನು ಮಾಡಬೇಕು, ಎಲ್ಲರ ಕೈಗೂ ಬರುವ ಕೆಲಸವಲ್ಲ. ಸುತ್ತಮುತ್ತ ಯಾವ ಮನೆಯಲ್ಲಿ ಹೆಂಗಸರು ತೀರಿಕೊಂಡರೂ ನಮ್ಮವ್ವನಿಗೆ ಹೇಳಿ ಕಳಿಸುತ್ತಿದ್ದರು. ಇದಕ್ಕೆ ಕೂಲಿಯಿಲ್ಲ, ಕರೆದರೆ ಬರಲ್ಲ ಅನ್ನುವ ಹಾಗೂ ಇಲ್ಲ. ಮುದ್ದೆಗೆ ಎಸರಿಟ್ಟಿದ್ದರೂ ಇಳಿಸಿ ಹೊರಟುಬಿಡುವಳು.

ಅವ್ವನ ಕೈ ನಡುಗಲು ಶುರುವಾದ ಮೇಲೆ ನಾನು ಜೊತೆಗೆ ಹೋಗತೊಡಗಿದೆ. ಅವಳು ಹೇಳುವಳು, ನಾನು ಮಡಿಸುವೆ. ಮಡಿಸುವಾಗ ಅವಳು ಸತ್ತವರ ಕಿವಿಯ ಹತ್ತಿರ ಬಗ್ಗಿ, ಹಟ ಮಾಡುವ ಮಗುವಿಗೆ ಲಂಗ ಹಾಕುವವಳ ಹಾಗೆ ಮಾತಾಡಿಸುವಳು. "ಬಿಡವ್ವ, ಸಡಿಲ ಬಿಡು. ಇನ್ನೇನಿಲ್ಲ. ಮಂಡಿ ಬಿಡು, ಉಸಿರು ಬಿಡು." ಹಾಗೆ ಹೇಳಿದರೆ ಕಾಲು ತಾನಾಗಿ ಮಡಿಯುತ್ತದೆ ಎಂದು ಅವಳ ನಂಬಿಕೆ. ಒಮ್ಮೊಮ್ಮೆ ಮೈಯನ್ನು ಮುಂದಕ್ಕೆ ಬಗ್ಗಿಸಿದಾಗ ಎದೆಯಲ್ಲಿ ಉಳಿದಿದ್ದ ಗಾಳಿ "ಹಾ" ಎಂದು ಬಾಯಿಂದ ಹೊರಗೆ ಬರುತ್ತದೆ. ಮೊದಲ ಸಲ ಅದು ನನ್ನ ಕುತ್ತಿಗೆಗೆ ತಾಕಿದಾಗ ನಾನು ಕಿಟಾರನೆ ಕಿರುಚಿದ್ದೆ. "ಹೇಳಿದ್ದು ಕೇಳಿಸ್ಕೊಂಡ್ಳು ಕಣೇ. ಅದಕ್ಯಾಕೆ ಕಿರಚ್ತೀಯ?" ಎಂದು ಅವ್ವ ಗದರಿದಳು. ಆಮೇಲಾಮೇಲೆ ಆ ಮಾತುಗಳನ್ನು ನಾನೇ ಹೇಳತೊಡಗಿದೆ, ಅವ್ವ ಸುಮ್ಮನೆ ಪಕ್ಕದಲ್ಲಿ ಕೂರುವಳು.

ಒಂದೇ ಒಂದು ಸಲ ಕಾಲು ಮಡಿಯಲಿಲ್ಲ. ಶಿವನಿಯ ಒಂದು ಮನೆ ಅದು. ಸುದ್ದಿ ತಡವಾಗಿ ಬಂದು, ನಾವು ತಲುಪುವಷ್ಟರಲ್ಲಿ ಆಯಮ್ಮನ ಬಲಮಂಡಿ ಕಲ್ಲಾಗಿತ್ತು. ಬಿಡವ್ವ ಎಂದು ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಹೊರಗೆ ಗಂಡಸರು "ಆಯ್ತಾ, ಆಯ್ತಾ" ಎಂದು ಅವಸರ ಮಾಡುತ್ತಿದ್ದರು. ನನಗೆ ಸಿಟ್ಟು ಬಂತು, ಅವರ ಮೇಲೋ ಮಂಡಿಯ ಮೇಲೋ ಗೊತ್ತಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿದೆ. ಒಣಗಿದ ಪುಳ್ಳೆ ಮುರಿದಂಥ ಸದ್ದಾಯಿತು. ಪಕ್ಕದಲ್ಲಿ ನೀರಿನ ಬಿಂದಿಗೆ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಕಣ್ಣು ಮುಚ್ಚಿಕೊಂಡಳು. ಅವತ್ತಿನಿಂದ ಆ ಸದ್ದು ನನ್ನ ಬಲ ಅಂಗೈಯಲ್ಲೇ ಉಳಿದುಬಿಟ್ಟಿದೆ.

ಇಂಥ ಕೈಯನ್ನು ಬದುಕಿರುವವರ ಮೈಮೇಲೆ ಇಡುವುದಾದರೂ ಹೇಗೆ? ಕ್ಲಾಸಿನಲ್ಲಿ ಯಾರದಾದರೂ ಮಂಡಿ ಸರಿಪಡಿಸಲು ಮುಟ್ಟಿದರೆ ಅದು ಬೆಚ್ಚಗಿರುತ್ತಿತ್ತು, ಆ ಬಿಸಿಗೇ ನಾನು ಬೆಚ್ಚುತ್ತಿದ್ದೆ. ಎಲ್ಲಕ್ಕಿಂತ ಕಷ್ಟ ಕೊನೆಯ ಶವಾಸನ. ಅದಕ್ಕೆ ಆ ಹೆಸರಿಟ್ಟ ಪುಣ್ಯಾತ್ಮನಿಗೆ ನಾನು ಶಾಪ ಹಾಕದ ದಿನವಿಲ್ಲ. ಅಷ್ಟೂ ಹೆಂಗಸರು ಕಣ್ಣು ಮುಚ್ಚಿ ಅಂಗಾತ ಮಲಗಿದರೆ ಭವನದಲ್ಲಿ ಫ್ಯಾನಿನ ಸದ್ದು ಬಿಟ್ಟು ಇನ್ನೊಂದಿರುವುದಿಲ್ಲ. ನಾನು ಅವರ ನಡುವೆ ಓಡಾಡುತ್ತ ಪ್ರತಿಯೊಬ್ಬರ ಹೊಟ್ಟೆ ಮೇಲೇಳುವುದನ್ನೇ ನೋಡುತ್ತಿದ್ದೆ. ಎದ್ದರೆ ಮುಂದಿನವರ ಹತ್ತಿರ. ಹೀಗೆ ದಿನಾ ಎಣಿಸಿ ಎಣಿಸಿ ಜೀವ ಹೈರಾಣಾಗಿ, ಮೇಡಮ್ಮಿಗೆ ನನ್ನ ಕೈಲಾಗಲ್ಲ ಎಂದು ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿದೆ.

ಹೇಳಬೇಕೆಂದು ಹೊರಟ ದಿನವೇ ಎಣಿಕೆ ಹನ್ನೆರಡು ಬಂತು.

ಮತ್ತೆ ಎಣಿಸಿದೆ. ಹನ್ನೆರಡೇ. ಗೋಡೆಯ ಪಕ್ಕ, ಚಾಪೆಯೂ ಇಲ್ಲದೆ ಬರೀ ನೆಲದ ಮೇಲೆ, ಬಿಳಿ ಸೀರೆಯ ಮುದುಕಿಯೊಬ್ಬಳು ಮಲಗಿದ್ದಳು. ಯಾವಾಗ ಬಂದಳು, ಯಾವ ಬಾಗಿಲಿಂದ ಬಂದಳು, ಒಂದೂ ತಿಳಿಯದು. ಹೊಟ್ಟೆ ಏಳುತ್ತಿರಲಿಲ್ಲ. ಕಾದೆ. ಏಳಲಿಲ್ಲ. ಮಂಡಿಯೂರಿ ಮೂಗಿನ ಹತ್ತಿರ ಕೈ ಹಿಡಿದೆ. ಮುದುಕಿ ಪಟ್ಟನೆ ಕಣ್ಣು ಬಿಟ್ಟಳು.

"ಇನ್ನೂ ಇದೀನಿ ಕಣವ್ವ" ಎಂದಳು.

ಅಯ್ಯೋ ಶಿವನೇ, ನಾನು ಹಿಂದಕ್ಕೆ ಬಿದ್ದೆ. ಅವಳು ಮೆಲ್ಲಗೆ ಎದ್ದು ಗೋಡೆಗೊರಗಿ, ಬಲಗಾಲನ್ನು ಕೋಲಿನ ಹಾಗೆ ಮುಂದಕ್ಕೆ ಚಾಚಿ ಕೂತಳು. "ಶಿವನಿಯೋಳು ನಾನು. ಈಗ ಇಲ್ಲೇ ಮಗಳ ಮನೇಲಿದೀನಿ, ಸ್ಟೇಷನ್ ಹಿಂದೆ. ನಮ್ಮಕ್ಕನ್ನ ಕೂರಿಸಿದ್ದು ನೀನೇ ಅಲ್ವಾ?"

ಬಿಂದಿಗೆ ಹಿಡಿದು ನಿಂತಿದ್ದ ಮುದುಕಿ. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದರೆ ಬೈಯಲಿ, ಎರಡೇಟು ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿದೆ.

"ನಂಗೆ ಪದ್ಮಾಸನ ಒಂದು ಕಲಿಸ್ಕೊಡು. ಇನ್ನೇನೂ ಬ್ಯಾಡ. ಬಲಮಂಡಿ ನಂದೂ ಅಕ್ಕನ ಥರಾನೇ, ಮಡಿಯಲ್ಲ. ಈಗ್ಲೇ ರೂಢಿ ಮಾಡ್ಕೊಂಡ್ರೆ ಅವತ್ತು ಯಾರಿಗೂ ತೊಂದ್ರೆ ಇರಲ್ಲ."

"ಅಜ್ಜಿ, ಯೋಗ ಕಲಿಯೋದು ಅದಕ್ಕಲ್ಲ, ಆರೋಗ್ಯವಾಗಿ ಬದುಕೋದಕ್ಕೆ" ಎಂದೆ, ಕಡೂರಿನ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ.

"ಬದುಕಿದ್ದಾಯ್ತು. ಕಲಿಸ್ತೀಯೋ ಇಲ್ವೋ ಹೇಳು."

"ಮೇಡಂ ಇದಾರಲ್ಲ, ಅವರು ನನಗಿಂತ ಚೆನ್ನಾಗಿ ಕಲಿಸ್ತಾರೆ."

"ಅವತ್ತು ಮೇಡಂ ಬರಲ್ಲ, ಬರೋಳು ನೀನು. ನನ್ನ ಮಂಡಿ ನಿನ್ನ ಕೈಗೇ ರೂಢಿ ಆಗ್ಬೇಕು" ಎಂದು ನನ್ನ ಬಲಗೈ ಎಳೆದು ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು. ಅದು ತಣ್ಣಗಿತ್ತು. ನನಗೆ ಚೆನ್ನಾಗಿ ಗೊತ್ತಿದ್ದ ತಂಪು.

ಮೇಡಮ್ಮಿಗೆ ಆಗಲ್ಲ ಎನ್ನುವ ಮಾತನ್ನು ಅವತ್ತು ಹೇಳಲಿಲ್ಲ. ಈ ಅಜ್ಜಿಯದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮೇಡಂ ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ಸಲ ಉಸಿರು ತಗೊಳ್ಳಿ ಎನ್ನಲು ಮರೆತಾಗ ಹಿಂದಿನಿಂದ ಚಪ್ಪಾಳೆ ತಟ್ಟುವರು. ಅಂಗಡಿಯಲ್ಲಿ ಮಿಷನ್ ತುಳಿಯುವಾಗಲೂ, ಅನ್ನ ಬಸಿಯುವಾಗಲೂ "ತಗೊಳ್ಳಿ, ಬಿಡಿ, ತಗೊಳ್ಳಿ, ಬಿಡಿ" ಎಂದು ಬಾಯಿಪಾಠ ಮಾಡಿದೆ. ಮನೆಯಲ್ಲಿ ಅವ್ವ ಒಂದು ದಿನ ಕೇಳಿಸಿಕೊಂಡು, "ಏನೇ ಅದು ಬಡಬಡಿಕೆ?" ಎಂದಳು. ಯೋಗ ಕಣವ್ವ, ಎಂದೆ.

ಅಜ್ಜಿಯನ್ನು ಎಲ್ಲರೂ ಹೋದ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಮಂಡಿಯ ಕೆಳಗೆ ಮಡಿಸಿದ ಕಂಬಳಿ, ಮೇಲೆ ನನ್ನ ಕೈ. "ತಗೊಳ್ಳಿ ಅಜ್ಜಿ" ಎಂದರೆ ಮಂಡಿ ಒಂದು ಬೆರಳಿನಷ್ಟು ಏಳುವುದು. "ಬಿಡಿ" ಎಂದರೆ ಒಂದು ಕೂದಲೆಳೆಯಷ್ಟು ಹೆಚ್ಚಿಗೆ ಇಳಿಯುವುದು. ಆಗಾಗ ಒಳಗೆ ಲಟ್ ಎನ್ನುವುದು, ನಾನು ಕೈ ಕಿತ್ತುಕೊಳ್ಳುವೆ. "ಹೆದರ್ಬ್ಯಾಡ, ಅದು ನಂದೇ ಸದ್ದು, ನಮ್ಮಕ್ಕಂದಲ್ಲ" ಎನ್ನುವಳು. ಶಿವರಾತ್ರಿ ಹೊತ್ತಿಗೆ ಪಾದ ಎಡಗಾಲಿನ ಮೇಲೆ ಬಂತು. ಯುಗಾದಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ತೊಡೆಯ ಮೇಲೇ ಕೂತಿತು. ನಾಲ್ಕು ಉಸಿರು ಹಾಗೇ ಇದ್ದಳು, ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ. ನಾನು ಖುಷಿಯಿಂದ ಕೂಗಿಕೊಂಡೆ. ಅಜ್ಜಿಯೂ ನಕ್ಕಳು. "ಆಯ್ತು ಕಣವ್ವ, ಇನ್ನು ಹೋಗಬೌದು" ಎಂದಳು. "ಬಾಯಿ ಮುಚ್ಚಿ ನಾಳೆ ಬನ್ನಿ" ಎಂದು ಗದರಿ ಕಳಿಸಿದೆ.

ಯುಗಾದಿಗೆ ಮೂರು ದಿನವಿತ್ತು. ಮಧ್ಯಾಹ್ನ ಅಜ್ಜಿಯ ಮಗಳು ನನ್ನ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು. ಊಟ ಮಾಡಿ ಮಲಗಿದ ಅಜ್ಜಿ ಎದ್ದಿರಲಿಲ್ಲ.

ಅವ್ವನನ್ನೂ ಕರೆದುಕೊಂಡು ಹೋದೆ. ಅವಳು ಬಾಗಿಲ ಹೊಸಿಲ ಹತ್ತಿರ ಕೂತಳು. ನಡುಮನೆಯಲ್ಲಿ ಹೆಂಗಸರು ತುಂಬಿದ್ದರು, ಹೊರಗೆ ಜಗಲಿಯಲ್ಲಿ ಭಜನೆಯವರು ತಾಳ ಹಿಡಿದಿದ್ದರು. ಅಜ್ಜಿಯ ಮೈ ತೊಳೆದೆವು, ಸೀರೆ ಉಡಿಸಿದೆವು, ವಿಭೂತಿ ಹಚ್ಚಿದೆವು. ಎಡಗಾಲು ಮಡಿಸಿದೆ. ಬಲಮಂಡಿಗೆ ಕೈಯಿಟ್ಟೆ. ಒತ್ತಲೇ ಇಲ್ಲ. ಪಾದ ಅದರ ಪಾಡಿಗೆ ಅದು ಎದ್ದು ತೊಡೆಯ ಮೇಲೆ ಹೋಗಿ ಕೂತಿತು, ಒಂದಿಷ್ಟೂ ಸದ್ದಿಲ್ಲದೆ. ಗೆದ್ದುಬಿಟ್ಟೆ ಅಜ್ಜೀ ಎಂದು ಹೇಳಬೇಕೆನಿಸಿತು. ಕಣ್ಣು ತುಂಬಿ ಏನೂ ಕಾಣದಾಯಿತು. ಬೆನ್ನಿಗೆ ಅಂಗೈ ಕೊಟ್ಟು ನೆಟ್ಟಗೆ ಮಾಡಿದೆ. ಆಗ ನನ್ನ ಬಾಯಿಂದ, ಕ್ಲಾಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುವ ಆ ದೊಡ್ಡ ದನಿಯಲ್ಲಿ ಮಾತು ಬಂತು.

"ಈಗ ನಿಧಾನಕ್ಕೆ ಉಸಿರು ತಗೊಳ್ಳಿ ಅಜ್ಜಿ."

ಜಗಲಿಯ ತಾಳ ನಿಂತಿತು. ಅಳುತ್ತಿದ್ದವರ ಅಳು ನಿಂತಿತು. ಯಾರೂ ನನ್ನನ್ನು ನೋಡಲಿಲ್ಲ, ಎಲ್ಲರೂ ಅಜ್ಜಿಯ ಎದೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನನ್ನ ಕೈ ಇನ್ನೂ ಅವಳ ಬೆನ್ನ ಮೇಲೇ ಇತ್ತು. ಆ ಬೆನ್ನು ಅಲುಗುತ್ತದೆ ಎಂದು ನಾನು ನಿಜವಾಗಿಯೂ ಕಾದೆ, ದೇವರಾಣೆಗೂ ಕಾದೆ. ಸೆರಗಿನ ಅಂಚು ಒಂದಿಷ್ಟು ಎದ್ದು ಬಿತ್ತು. ಫ್ಯಾನಿನ ಗಾಳಿಯೇ ಇರಬೇಕು.

"ಅವ್ವಾ?" ಎಂದಳು ಮಗಳು, ಮುಂದಕ್ಕೆ ಬಾಗಿ. "ಅವ್ವಾ, ತಗೋ."

ಹೊಸಿಲಿನಿಂದ ನಮ್ಮವ್ವ ಎದ್ದಳು. ಗೋಡೆ ಹಿಡಿದುಕೊಂಡು ಬಂದು ನನ್ನ ಕೈಯನ್ನು ಅಜ್ಜಿಯ ಬೆನ್ನಿಂದ ಬಿಡಿಸಿದಳು. "ಏಳು. ಇನ್ನು ಈ ಕೆಲಸಕ್ಕೆ ಬರಬ್ಯಾಡ ನೀನು."

"ತಪ್ಪಾಯ್ತವ್ವ, ಬಾಯಿ ತಪ್ಪಿ..."

"ಬೈತಿಲ್ಲ ಕಣೇ. ತಗೋ ಅಂತ ಹೇಳೋ ಬಾಯಿ ಇದಕ್ಕಾಗಲ್ಲ. ಉಳಿದೋರಿಗೆ ಆಸೆ ಹುಟ್ಟಿಸ್ತದೆ. ಹೋಗು, ಉಸಿರಿರೋರಿಗೆ ಹೇಳ್ಕೊಡು." ಆಮೇಲೆ ಅಜ್ಜಿಯ ಕಿವಿಗೆ ಬಗ್ಗಿ, "ಬಿಡವ್ವ. ಆಯ್ತು, ಬಿಡು" ಎಂದಳು. ನಡುಗುವ ಕೈಯಲ್ಲಿ ತಾನೇ ಬಟ್ಟೆ ಕಟ್ಟಿದಳು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು, ನನ್ನನ್ನು ಮುಟ್ಟಗೊಡಲಿಲ್ಲ.

ನಾನು ಹಿತ್ತಿಲಿಗೆ ಹೋಗಿ, ಸೆರಗಿಗೆ ಕೈ ಒರೆಸಿಕೊಂಡು ಮೇಡಮ್ಮಿಗೆ ಫೋನ್ ಮಾಡಿದೆ. ಕ್ಲಾಸ್ ನಾನೇ ನಡೆಸುತ್ತೇನೆ ಎಂದೆ. ಯಾಕೆ ಅಳುತ್ತಿದ್ದೀರಿ ಎಂದು ಅವರು ಕೇಳಿದರು, ಬೀಗದ ಕೈ ನನಗೇ ಕೊಡಿ ಎಂದೆ.

ಯುಗಾದಿ ಕಳೆದು ಮೊದಲ ಬೆಳಗ್ಗೆ ಭವನದ ಬೀಗ ತೆಗೆದವಳು ನಾನು. ಹನ್ನೊಂದು ಹೆಂಗಸರೂ ಬಂದರು. ಉಸಿರು ತಗೊಳ್ಳಿ, ಎಂದೆ. ಹನ್ನೊಂದು ಎದೆ ಎದ್ದವು. ಒಂದೊಂದನ್ನೂ ಎಣಿಸಿದೆ. ಈಗಲೂ ದಿನಾ ಎಣಿಸುತ್ತೇನೆ. ಎಲ್ಲರದೂ ಆದ ಮೇಲೆ ಗೋಡೆ ಪಕ್ಕದ ಆ ಖಾಲಿ ಜಾಗದತ್ತ ತಿರುಗಿ ಅಲ್ಲೂ ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಬಿಡಿ ಎನ್ನುತ್ತೇನೆ.